ನೊರೆಗೆ ಮುಂಚಿನ ಎಂಜಲು

ಸೂರತ್ತಿನ ಆಸ್ಪತ್ರೆಯಿಂದ ತಂದ ಪುಟ್ಟ ಪ್ಲಾಸ್ಟಿಕ್ ಕೊಳವೆಗಳನ್ನು ಅತ್ತಿಗೆ ಊಟದ ಮೇಜಿನ ಮೇಲೆ ಇಟ್ಟಾಗ ಅಮ್ಮ ಅವು ಮಸಾಲೆ ತುಂಬುವುದಕ್ಕೆ ಎಂದುಕೊಂಡಳು. ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಜಾಯಿಕಾಯಿ ಪುಡಿಗೆ ಸರಿಯಾಗಿದೆ."

"ಮಮ್ಮಾ, ಅದು ಉಗುಳೋಕೆ" ಎಂದಳು ಅತ್ತಿಗೆ.

ಅಮ್ಮ ಕೊಳವೆಯನ್ನು ಮೆಲ್ಲಗೆ ಕೆಳಗಿಟ್ಟು ಕೈ ತೊಳೆಯಲು ಹೋದಳು. ಕೊಳವೆ ಹೊಸದು, ಖಾಲಿ. ಆದರೂ ಸೋಪು ಹಚ್ಚಿ ತೊಳೆದಳು.

ನವಸಾರಿಯಲ್ಲಿ ನಮ್ಮದು ಪಾರ್ಸಿ ಪುರೋಹಿತರ ಮನೆ. ನಮ್ಮ ಗುಡಿಯಾದ ಅಗಿಯಾರಿಯಲ್ಲಿ ಆರದೆ ಉರಿಯುವ ಬೆಂಕಿಯನ್ನು ಮೊದಲು ಅಪ್ಪ ನೋಡಿಕೊಳ್ಳುತ್ತಿದ್ದ, ಅಪ್ಪ ಹೋದ ಮೇಲೆ ಅಣ್ಣ ಹೋಶೆದಾರ್. ಬೆಂಕಿಯ ಮುಂದೆ ನಿಲ್ಲುವಾಗ ಅಣ್ಣ ಮೂಗು ಬಾಯಿ ಮುಚ್ಚುವ ಹಾಗೆ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಾನೆ, ಎಂಜಲಿನ ಒಂದು ಹನಿಯೂ ಅದಕ್ಕೆ ತಾಗಬಾರದೆಂದು. ಮನೆಯಲ್ಲೂ ಅಮ್ಮ ಅದೇ ಶಿಸ್ತು ಇಟ್ಟುಕೊಂಡಿದ್ದಾಳೆ. ಒಬ್ಬರು ಬಾಯಿಟ್ಟ ಲೋಟವನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಸಾರಿನ ಉಪ್ಪು ನೋಡುವುದಾದರೂ ಅಂಗೈಗೆ ಬಿಟ್ಟುಕೊಂಡೇ. ಬಾಯಿಂದ ಹೊರಗೆ ಬಿದ್ದ ಉಗುಳು ಅವಳಿಗೆ ಕತ್ತರಿಸಿದ ಉಗುರಿನ ಹಾಗೆ, ಸತ್ತ ವಸ್ತು.

"ತುಂಬಿದ ಮೇಲೆ ಇದನ್ನ ಎಲ್ಲಿಡ್ತೀಯ?" ಕೈ ಒರೆಸಿಕೊಳ್ಳುತ್ತ ಬಂದು ಕೇಳಿದಳು.

"ಇಲ್ಲಿನ ಲ್ಯಾಬ್ ತೆಗೆಯೋವರೆಗೆ ಫ್ರಿಜ್ಜಲ್ಲಿ."

"ಯಾರ ಫ್ರಿಜ್ಜಲ್ಲಿ?"

ಅತ್ತಿಗೆ ನನ್ನ ಕಡೆ ನೋಡಿದಳು. ನಾನು ಮೂಲೆಯಲ್ಲಿದ್ದ ನನ್ನ ಮಗ್ಗದ ಕಡೆ ನೋಡಿದೆ.

"ಗಂಡ ಒಂದು ಹನಿ ಬೀಳಬಾರದು ಅಂತ ಬಾಯಿಗೆ ಬಟ್ಟೆ ಕಟ್ಕೊಂಡು ನಿಂತಿರ್ತಾನೆ. ಹೆಂಡ್ತಿ ಅದನ್ನೇ ಶೀಶೆಗೆ ತುಂಬಿ ನನ್ನ ಕಸ್ಟರ್ಡ್ ಪಕ್ಕದಲ್ಲಿ ಇಡ್ತಾಳಂತೆ! ಕೇಳಿದೆಯಾ ನೆರ್ಗಿಶ್?"

ಕೇಳಿದ್ದೆ. ನಾನು ಕೇಳುವುದೇ ಹೆಚ್ಚು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಎದ್ದು ನಿಂತು ಉತ್ತರ ಹೇಳಬೇಕಾದ ಜಾಗ ನನಗೆ ಒಗ್ಗಲಿಲ್ಲ. ನಮ್ಮವರು ಸೊಂಟಕ್ಕೆ ಸುತ್ತಿಕೊಳ್ಳುವ ಉಣ್ಣೆಯ ಪವಿತ್ರ ದಾರವನ್ನು ಮನೆಯಲ್ಲೇ ನೇಯುತ್ತೇನೆ. ಮಗ್ಗ ನಡುಮನೆಯ ಮೂಲೆಯಲ್ಲಿದೆ. ಅಲ್ಲಿ ಕೂತರೆ ಅಡುಗೆಮನೆ, ಅತ್ತಿಗೆಯ ಕೋಣೆಯ ಬಾಗಿಲು, ಮಹಡಿಯ ಮೆಟ್ಟಿಲು, ಮೂರೂ ಕಾಣುತ್ತವೆ.

ಕೊನೆಗೆ ಐಸ್‌ಕ್ರೀಮ್ ಕಡೆಯುವ ಹಳೆಯ ಮರದ ಬಕೆಟ್ಟು ಅಟ್ಟದಿಂದ ಇಳಿಯಿತು. ಅದಕ್ಕೆ ಐಸ್ ತುಂಬಿ ಕೊಳವೆ ಹುದುಗಿಸಿ, ಬಕೆಟ್ಟನ್ನು ನನ್ನ ಮಗ್ಗದ ಕೆಳಗೆ ಇಡುವುದೆಂದು ಒಪ್ಪಂದವಾಯಿತು. "ಇನ್ನು ಈ ಬಕೆಟ್ಟಲ್ಲಿ ಮಾವಿನ ಐಸ್‌ಕ್ರೀಮ್ ಆಗೋ ಹಾಗಿಲ್ಲ" ಎಂದು ಅಮ್ಮ ಅದಕ್ಕೆ ಬೀಳ್ಕೊಡುಗೆ ಕೊಟ್ಟಳು.

ಅತ್ತಿಗೆ ಅರ್ನವಾಜ್‌ಗೆ ಮೂವತ್ತೆಂಟು. ಮಗು ಬೇಕೆಂದು ಮಾಡಿಸಿದ ಚಿಕಿತ್ಸೆ ಹಿಂದೆ ಎರಡು ಸಲ ಕೈಕೊಟ್ಟಿತ್ತು. ಹಾರ್ಮೋನು ಎಷ್ಟಿದೆಯೆಂದು ನೋಡಲು ಮತ್ತೆ ಮತ್ತೆ ರಕ್ತ ತೆಗೆದು ಅವಳ ನರಗಳು ಒಳಗೆ ಅಡಗಿಕೊಂಡುಬಿಟ್ಟಿದ್ದವು. ರಕ್ತ ತೆಗೆಯುವ ಸೂಜಿ ಕಂಡರೆ ಸಾಕು, ಎಚ್ಚರ ತಪ್ಪಿ ಕುರ್ಚಿಯಿಂದ ಜಾರುತ್ತಿದ್ದಳು. ಅದಕ್ಕೇ ಡಾಕ್ಟರ್ ಹೇತಲ್‌ಬೆನ್ ಈ ದಾರಿ ಹೇಳಿದ್ದು. "ರಕ್ತದಲ್ಲಿರೋ ಹಾರ್ಮೋನು ಒಂಚೂರು ಜೊಲ್ಲಿಗೂ ಇಳಿಯುತ್ತೆ. ಬೆಳಿಗ್ಗೆ ಎದ್ದ ಕೂಡಲೇ, ಏನೂ ತಿನ್ನದೆ, ಕುಡಿಯದೆ, ಹಲ್ಲುಜ್ಜದೆ ತುಂಬಿಸಿ ಕೊಡಿ. ನಡುವೆ ಸ್ಕ್ಯಾನಿಗೆ ಮಾತ್ರ ಬನ್ನಿ." ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ್ದರು. ಅತ್ತಿಗೆಯ ಅಂಡಗಳು ಕಡಿಮೆಯಾಗುತ್ತ ಬಂದಿವೆ, ಇದು ಕೊನೆಯ ಪ್ರಯತ್ನ, ಇದಾದ ಮೇಲೆ ಅವಳ ದೇಹವನ್ನು ಹಿಂಸಿಸಲು ತನಗೆ ಮನಸ್ಸಿಲ್ಲ ಎಂದು.

ಸೂರ್ಯ ಹುಟ್ಟುವ ಮೊದಲೇ ಅಗಿಯಾರಿಗೆ ಹೋಗುವವನು ಅಣ್ಣ. ಹಾಗಾಗಿ ಕೊಳವೆ ಹಿಡಿಯುವ ಕೆಲಸ ನನಗೆ ಬಂತು.

ಮೊದಲ ಬೆಳಿಗ್ಗೆ ಏನು ಮಾಡಿದರೂ ಜೊಲ್ಲು ಬರಲಿಲ್ಲ.

"ನನ್ನ ಬಾಯಿ ನೋಡಬೇಡ್ವೇ, ನೀನು ನೋಡಿದ್ರೆ ಒಣಗುತ್ತೆ" ಎಂದಳು ಅತ್ತಿಗೆ.

ನಾನು ಗೋಡೆಯ ಕಡೆ ತಿರುಗಿದೆ.

"ಈಗ ನಿನ್ನ ಬೆನ್ನು ನೋಡಿ ನಗು ಬರ್ತಿದೆ."

ಇಬ್ಬರೂ ನಕ್ಕು, ಅವಳು ಮತ್ತೆ ತುಟಿಗೆ ಕೊಳವೆ ಹಚ್ಚಿ, ಅಂತೂ ಗೆರೆಯವರೆಗೆ ತುಂಬುವಷ್ಟರಲ್ಲಿ ಬೀದಿಯಲ್ಲಿ ಪಾವ್ ಮಾರುವವನು ಬಂದು ಹೋಗಿದ್ದ. ಆಮೇಲೆ ಅದೇ ಅಭ್ಯಾಸವಾಯಿತು. ನಾನು ಗೋಡೆ ನೋಡುವುದು, ಅವಳು ತುಂಬುವುದು, ಲ್ಯಾಬ್ ತೆಗೆಯುವ ಹೊತ್ತಿಗೆ ನಾನು ಹೋಗಿ ಕೊಟ್ಟು ಬರುವುದು. ಮೊದಲ ಕೊಳವೆಗಳೆಲ್ಲ ಸರಿಯಾಗಿವೆ ಎಂದು ಹೇತಲ್‌ಬೆನ್ ಹೇಳಿದರು. ದಿನಾ ಹೊಟ್ಟೆಗೆ ಚುಚ್ಚುಮದ್ದು ನಡೆದಿತ್ತು. ಅದನ್ನು ಅಣ್ಣನೇ ಕೊಡುತ್ತಿದ್ದ, ಕಣ್ಣು ಅರ್ಧ ಮುಚ್ಚಿಕೊಂಡು.

ಅಷ್ಟರಲ್ಲಿ ಚಳಿ ಬಲಿಯಿತು. ಅಂಗಳದ ಕಲ್ಲಿನ ಮೇಲೆ ಇಬ್ಬನಿ ಕೂರತೊಡಗಿತು. ನಮ್ಮ ಊರಿನಲ್ಲಿ ಅದು ಹಾಲಿನ ನೊರೆಯ ಕಾಲ. ಹಾಲನ್ನು ಸಕ್ಕರೆ ಹಾಕಿ ಕುದಿಸಿ, ತೆಳು ಬಟ್ಟೆ ಕಟ್ಟಿ, ಮಹಡಿಯ ಮೇಲೆ ಇಬ್ಬನಿಗೆ ಇಡಬೇಕು. ಬೆಳಕು ಹರಿಯುವ ಮೊದಲು ಕಡೆದರೆ ನೊರೆ ಏಳುತ್ತದೆ. ಅದನ್ನು ಲೋಟಕ್ಕೆ ತುಂಬಿ, ಮೇಲೆ ಜಾಯಿಕಾಯಿ ಉದುರಿಸಿ, ಬಿಸಿಲು ಬೀಳುವ ಮೊದಲು ತಿಂದುಬಿಡಬೇಕು. ಬಿಸಿಲು ಬಿದ್ದರೆ ನೊರೆ ಕುಸಿದು ಲೋಟದ ತಳದಲ್ಲಿ ಒಂದು ಗುಟುಕು ಹಾಲು ಉಳಿಯುತ್ತದೆ ಅಷ್ಟೆ.

ಒಂದು ಬೆಳಿಗ್ಗೆ ನಾನು ಮಗ್ಗದ ದೂಳು ಒರೆಸುತ್ತಿದ್ದಾಗ ಅಮ್ಮ ಮಹಡಿಯಿಂದ ಇಳಿದು ಬಂದಳು. ತಲೆಗೆ ಶಾಲು, ಕೈಯಲ್ಲಿ ಲೋಟ. ಅಡುಗೆಮನೆಗೆ ಹೋಗಲಿಲ್ಲ, ಅತ್ತಿಗೆಯ ಕೋಣೆಗೆ ಹೋದಳು.

ಅದು ನನಗೆ ಸಣ್ಣ ಸಂಗತಿಯಲ್ಲ. ಎರಡನೆಯ ಸಲ ಚಿಕಿತ್ಸೆ ಕೈಕೊಟ್ಟಾಗ ಅಮ್ಮ ಸಮಾಧಾನ ಹೇಳಲು ಹೋಗಿ ಏನೋ ತಪ್ಪು ಮಾತಾಡಿದ್ದಳು. ಅಂದಿನಿಂದ ಆ ಹೊಸ್ತಿಲು ದಾಟಿರಲಿಲ್ಲ. ಜಗಳವೇನೂ ಇರಲಿಲ್ಲ. ಮತ್ತೆ ತಪ್ಪು ಮಾತು ಬಂದೀತೆಂಬ ಹೆದರಿಕೆ.

"ಏಳು ದೀಕ್ರಾ" ಎಂಬ ದನಿ ಕೇಳಿಸಿತು. ಮಗುವೇ ಎಂದು ಅಮ್ಮ ನಮ್ಮನ್ನು ಕರೆಯುವುದು ಹಾಗೆ. "ಬಾಯಿ ತೆಗಿ. ನಿನ್ನ ಚಮಚ ಬೇರೇನೇ ತಂದಿದ್ದೀನಿ."

"ಮಮ್ಮಾ, ಇನ್ನೂ ಕೊಳವೆ ತುಂಬಿಸಿಲ್ಲ. ಏನೂ ತಿನ್ನೋ ಹಾಗಿಲ್ಲ."

"ಇದು ತಿನ್ನೋದೂ ಅಲ್ಲ, ಕುಡಿಯೋದೂ ಅಲ್ಲ. ಬರೀ ಇಬ್ಬನಿ, ಗಾಳಿ. ಬಾಯಲ್ಲಿಟ್ಟರೆ ಇರೋದೇ ಇಲ್ಲ. ಸೂಜಿ ಚುಚ್ಚಿಸ್ಕೊಂಡು ಹೇಗಾಗಿದ್ದೀಯ ನೋಡು. ತಗೋ."

ಆಮೇಲೆ ಚಮಚ ಲೋಟಕ್ಕೆ ತಾಗುವ ಸದ್ದು.

ಅಮ್ಮ ಹೊರಬಂದ ಮೇಲೆ ನಾನು ಕೊಳವೆ ಹಿಡಿದು ಒಳಗೆ ಹೋದೆ. ಅತ್ತಿಗೆಯ ಮೇಲ್ದುಟಿಯಲ್ಲಿ ಬಿಳಿ ಗೆರೆ. ನಾನು ನೋಡಿದ್ದನ್ನು ನೋಡಿ ಸೆರಗಿನಿಂದ ಒರೆಸಿಕೊಂಡಳು.

"ಅತ್ತಿಗೆ, ಪರವಾಗಿಲ್ವಾ?"

"ನೊರೆ ಏನು ತಿಂಡಿಯೇನೇ? ಮಮ್ಮ ನನ್ನ ಹಾಸಿಗೆ ಹತ್ರ ಕೂತು ಎಷ್ಟು ಕಾಲ ಆಯ್ತು ಗೊತ್ತಾ ನಿನಗೆ? ಹಣೆ ಮುಟ್ಟಿದ್ರು ಕಣೇ." ಅವಳ ಕಣ್ಣು ತುಂಬಿತ್ತು. ಬಾಯಿಯೂ ತುಂಬಿತ್ತು. ಸಕ್ಕರೆಯ ದೆಸೆಯಿಂದಲೋ ಏನೋ, ಅವತ್ತು ಕೊಳವೆ ಚಕಚಕ ತುಂಬಿತು. "ನೋಡು, ನಲ್ಲಿ ಬಿಟ್ಟ ಹಾಗೆ!"

ಮುಂದಿನ ಸಲವೂ ಹಾಗೇ ಆಯಿತು, ಅದರ ಮುಂದಿನ ಸಲವೂ. ಅಮ್ಮ ದಿನಾ ಲೋಟ ಹಿಡಿದು ಬರುವಳು, ಒಳಗೆ ಇಬ್ಬರ ಮಾತು, ನಗು. ಒಂದು ದಿನ ಅಮ್ಮ ತನ್ನ ಮದುವೆಯ ಕಥೆ ಹೇಳುತ್ತಿದ್ದಳು. ನನಗೆ ಎಂದೂ ಹೇಳಿರದ ಕಥೆ. ನಾನು ನೂಲು ಕೈಯಲ್ಲಿ ಹಿಡಿದು ಸುಮ್ಮನೆ ಕೇಳುತ್ತ ಕೂತೆ.

ಆಮೇಲೆ ಒಂದು ಮಧ್ಯಾಹ್ನ ಹೇತಲ್‌ಬೆನ್ ಫೋನ್ ಮಾಡಿದರು. ಅಣ್ಣ ಊಟಕ್ಕೆ ಕೂತಿದ್ದ. ಎಲ್ಲರಿಗೂ ಕೇಳಲಿ ಎಂದು ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿಟ್ಟ.

"ಹೋಶೆದಾರ್‌ಭಾಯಿ, ಸುದ್ದಿ ಚೆನ್ನಾಗಿಲ್ಲ. ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನು ಈಗಲೇ ಏರಬಾರದು, ಅಂಡ ತೆಗೆದ ಮೇಲೆ ಏರಬೇಕು. ಇತ್ತೀಚೆಗೆ ಬಂದ ಕೊಳವೆಗಳಲ್ಲೆಲ್ಲ ಸಿಕ್ಕಾಪಟ್ಟೆ ಏರಿದೆ. ಇಷ್ಟು ಮುಂಚೆ ಏರಿದ್ರೆ ಗರ್ಭಕೋಶದ ಹದ ತಪ್ಪುತ್ತೆ, ಭ್ರೂಣ ಅಂಟಿಕೊಳ್ಳಲ್ಲ. ನಿಲ್ಲಿಸಿಬಿಡೋದು ಒಳ್ಳೇದು ಅನ್ಸುತ್ತೆ."

ಅಣ್ಣ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟ. ಅತ್ತಿಗೆ ಬಟಾಣಿ ಬಿಡಿಸುತ್ತಿದ್ದಳು. ಬಿಡಿಸುತ್ತಲೇ ಇದ್ದಳು, ಕಾಳು ಸಿಪ್ಪೆಯ ರಾಶಿಗೆ, ಸಿಪ್ಪೆ ಬಟ್ಟಲಿಗೆ ಹಾಕುತ್ತ.

"ಸ್ಕ್ಯಾನಲ್ಲಿ ಎಲ್ಲ ಸರಿಯಾಗೇ ಕಾಣ್ತಿದೆ. ಅದೇ ನನಗೆ ಅರ್ಥ ಆಗ್ತಿಲ್ಲ" ಎಂದರು ಡಾಕ್ಟರ್. "ಅರ್ನವಾಜ್, ಬೆಳಿಗ್ಗೆ ಕೊಳವೆಗೆ ಮೊದಲು ಏನಾದ್ರೂ ತಿಂದ್ರಾ?"

"ಇಲ್ಲ ಡಾಕ್ಟರ್."

"ಚಹಾ?"

"ನೀರೂ ಮುಟ್ಟಲ್ಲ ಅವಳು" ಎಂದಳು ಅಮ್ಮ, ಫೋನಿನ ಹತ್ತಿರ ಬಾಗಿ. "ನಾನು ಸಾಕ್ಷಿ."

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಅದು ನೆನಪಿಗೇ ಬರಲಿಲ್ಲ. ನೊರೆಯನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ?

ನಾನು ಬಾಯಿ ಬಿಟ್ಟರೆ ಎಲ್ಲರೂ ಅಮ್ಮನ ಕಡೆ ತಿರುಗುತ್ತಾರೆ. ಇಷ್ಟು ಕಾಲದ ಮೇಲೆ ದಾಟಿದ ಹೊಸ್ತಿಲನ್ನು ಅವಳು ಮತ್ತೆ ದಾಟಲಿಕ್ಕಿಲ್ಲ. ಬಾಯಿ ಬಿಡದಿದ್ದರೆ ಡಾಕ್ಟರ್ ಫೋನ್ ಇಡುತ್ತಾರೆ, ಚಿಕಿತ್ಸೆ ನಿಲ್ಲುತ್ತದೆ.

"ಸರಿ ಹಾಗಾದ್ರೆ" ಎಂದು ಅಣ್ಣ ಫೋನಿಗೆ ಕೈ ಚಾಚಿದ.

"ನೊರೆ" ಎಂದೆ.

ಎಲ್ಲರೂ ಮಗ್ಗದ ಕಡೆ ತಿರುಗಿದರು. ಮಗ್ಗವೇ ಮಾತಾಡಿದ ಹಾಗೆ.

"ಯಾರದು? ಏನಂದ್ರು?" ಎಂದರು ಹೇತಲ್‌ಬೆನ್.

"ಹಾಲಿನ ನೊರೆ" ಎಂದೆ, ನನ್ನ ಕಿವಿಗೇ ಸಣ್ಣಗೆ ಕೇಳುವಂತೆ. ಅಣ್ಣ ಫೋನನ್ನು ಎತ್ತಿ ನನ್ನ ಹತ್ತಿರ ತಂದ. "ಕೊಳವೆಗೆ ಮೊದಲು ಅತ್ತಿಗೆ ಹಾಲಿನ ನೊರೆ ತಿಂತಾರೆ. ಚಳಿ ಬಿದ್ದಾಗಿಂದ. ಅದು ಗಾಳಿ ಅಂತ…"

ಫೋನಿನಿಂದ ಹೇತಲ್‌ಬೆನ್ ದನಿ ಬಂತು.

"ಯಾವ ಹಾಲು?"

ಈಗ ಅಮ್ಮ ಸೆಟೆದು ನಿಂತಳು. "ಎಮ್ಮೆ ಹಾಲು. ನೀರು ಹಾಕದ್ದು. ನಮ್ಮ ಲಾಖಾಭಾಯಿ ಕಣ್ಣೆದುರಿಗೇ ಕರೆದು ಕೊಡ್ತಾನೆ. ಬೆರಳು ಅದ್ದಿದ್ರೆ ಬೆರಳಿಗೆ ಅಂಟುತ್ತೆ, ಅಂಥ ಹಾಲು!"

"ಆಂಟಿ, ಆ ಎಮ್ಮೆ ಬಸುರಿಯಾ?"

"ಅಯ್ಯೋ! ನಾನ್ಯಾಕೆ ಅದನ್ನ ಕೇಳಲಿ?"

ಹೇತಲ್‌ಬೆನ್ ನಗುತ್ತಿದ್ದಾರೋ ಕೆಮ್ಮುತ್ತಿದ್ದಾರೋ ತಿಳಿಯಲಿಲ್ಲ. "ಬಸುರಿ ಎಮ್ಮೆ ಹಾಲಲ್ಲಿ ಇದೇ ಹಾರ್ಮೋನು ತುಂಬಿರುತ್ತೆ ಆಂಟಿ. ಕೆನೇಲಿ ಇನ್ನೂ ಜಾಸ್ತಿ. ಬಾಯಲ್ಲಿ ಒಂಚೂರು ಉಳಿದ್ರೂ ನಮ್ಮ ಯಂತ್ರಕ್ಕೆ ಅದು ಯಾರದು ಅಂತ ಗೊತ್ತಾಗಲ್ಲ. ನಾನು ಇಷ್ಟು ದಿನ ನಿಮ್ಮ ಸೊಸೇದು ಅಂತ ಎಮ್ಮೇದನ್ನ ನೋಡ್ತಿದ್ದೆನೋ ಏನೋ." ಆಮೇಲೆ ದನಿ ಬದಲಾಯಿಸಿದರು. "ಆದ್ರೆ ಈಗಲೇ ಖುಷಿ ಪಡಬೇಡಿ. ನಿಜವಾಗೂ ಏರಿರಬಹುದು. ನಾಳೆ ಖಾಲಿ ಬಾಯಲ್ಲಿ ತುಂಬಿಸಿ ನೇರ ಸೂರತ್ತಿಗೇ ತಂದುಬಿಡಿ. ಒಂದೇ ಒಂದು ಸಲ ರಕ್ತಾನೂ ತೆಗೀತೀನಿ. ಎರಡೂ ಏರಿದ್ರೆ ನಿಲ್ಲಿಸ್ತೀನಿ. ಇಳಿದಿದ್ರೆ ಮುಂದೆ ಹೋಗೋಣ."

ಫೋನ್ ಇಟ್ಟ ಮೇಲೆ ಯಾರೂ ಅಮ್ಮನನ್ನು ನೋಡಲಿಲ್ಲ. ಅಮ್ಮ ಬೆಳಿಗ್ಗೆಯೇ ತೊಳೆದಿಟ್ಟಿದ್ದ ನೊರೆಯ ಲೋಟವನ್ನು ಮತ್ತೆ ತೊಳೆದು ಬೋರಲು ಹಾಕಿದಳು. "ನಾನು ಕೈ ಹಾಕಿದ್ದೆಲ್ಲ ಹೀಗೇ" ಎಂದು ಗೋಡೆಗೆ ಹೇಳಿದಳು.

ಅತ್ತಿಗೆ ಬಟಾಣಿ ಬಟ್ಟಲನ್ನು ಬದಿಗಿಟ್ಟು ಅಡುಗೆಮನೆಗೆ ಹೋದಳು.

"ಮಮ್ಮಾ, ನಾಳೆ ನೊರೆ ಮಾಡ್ತೀರಿ ತಾನೆ?"

"ತಲೆ ಕೆಟ್ಟಿದೆಯಾ ನಿನಗೆ?"

"ಕೊಳವೆ ಆದ ಮೇಲೆ ಕೊಡಿ."

"ನಿನ್ನ ಕೊಳವೆ ತುಂಬೋಷ್ಟರಲ್ಲಿ ಬಿಸಿಲು ಬಂದಿರುತ್ತೆ. ನೊರೆ ಏನು ನಿನ್ನ ಗಂಡನಾ, ಕಾದು ಕೂರೋಕೆ?"

"ಹಾಗಾದ್ರೆ ಬೇಗ ಎಬ್ಬಿಸಿ. ನೀವೇ ಬಂದು ಎಬ್ಬಿಸಬೇಕು."

ಅಮ್ಮ ಬೋರಲು ಹಾಕಿದ್ದ ಲೋಟವನ್ನು ನೆಟ್ಟಗೆ ಮಾಡಿದಳು. ಮತ್ತೆ ಬೋರಲು ಮಾಡಿದಳು.

ಸಂಜೆ ಲಾಖಾಭಾಯಿ ಹಾಲು ತಂದಾಗ ಅಮ್ಮ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ನಿನ್ನ ಎಮ್ಮೆ ಬಸುರಿಯೇನೋ?"

ಲಾಖಾಭಾಯಿ ಕ್ಯಾನ್ ಕೆಳಗಿಟ್ಟ. ಅವನು ಅಮ್ಮನನ್ನು ಗೌರವದಿಂದ ಬಾಯಿ ಎಂದು ಕರೆಯುತ್ತಾನೆ. "ಹೂಂ ಬಾಯಿ, ಐದು ತಿಂಗಳಾಯ್ತು. ಯಾಕೆ, ಹಾಲು ಸಪ್ಪಗಾಯ್ತಾ?"

"ಸಪ್ಪಗಾಗಿದ್ರೆ ಚೆನ್ನಾಗಿತ್ತು, ಮುಂಡೇದೆ! ಒಂದು ಮಾತು ಹೇಳಬೇಡ್ವಾ ನನಗೆ?"

"ಎಮ್ಮೆ ಬಸುರಿ ಅಂತ ಊರಿಗೆಲ್ಲ ಸಿಹಿ ಹಂಚ್ಲಾ ಬಾಯಿ?" ಎಂದ ಅವನು, ಏನೂ ತಿಳಿಯದೆ. ಒಳಗೆ ಅತ್ತಿಗೆ ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕಳು. ಆ ದಿನ ಅವಳು ನಕ್ಕಿದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ನಾನು ಎದ್ದಾಗ ಅತ್ತಿಗೆಯ ಕೋಣೆಯಲ್ಲಿ ದೀಪ ಹತ್ತಿತ್ತು. ಅಮ್ಮ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಲೋಟ, ಮೇಲೆ ತಟ್ಟೆ ಮುಚ್ಚಿತ್ತು. ಅತ್ತಿಗೆ ಕೊಳವೆ ಹಿಡಿದಿದ್ದಳು. ಕೊಳವೆಯ ತಳ ಒದ್ದೆಯೂ ಆಗಿರಲಿಲ್ಲ.

"ಬರ್ತಾನೇ ಇಲ್ಲ ಮಮ್ಮಾ. ಬಾಯಿ ಮರಳಾಗಿದೆ. ಏರಿದ್ರೆ ಅಂತ ಯೋಚ್ನೆ ಬಂದ್ರೆ ಇನ್ನೂ ಒಣಗುತ್ತೆ."

"ಆ ಯೋಚ್ನೆ ಬಿಡು. ಇಲ್ಲಿ ಕೊಡು ಅದನ್ನ."

ಅಮ್ಮ ಕೊಳವೆಯನ್ನು ಅವಳ ಕೈಯಿಂದ ತೆಗೆದುಕೊಂಡಳು. ಅವಳ ತುಟಿಗೆ ತಾನೇ ಹಿಡಿದಳು. ನಾನು ಬಾಗಿಲಲ್ಲೇ ನಿಂತೆ. ಅಮ್ಮನ ಹೆಬ್ಬೆರಳು ಅತ್ತಿಗೆಯ ಗಲ್ಲಕ್ಕೆ ತಾಗಿತ್ತು.

"ಕಣ್ಣು ಮುಚ್ಚು. ನಿನ್ನ ಮದುವೆ ಊಟ ನೆನಪಿದೆಯಾ? ಮೊದಲು ಎಲೆಗೆ ಏನು ಬಿತ್ತು?"

"ಉಪ್ಪಿನಕಾಯಿ…"

"ಮಾತಾಡಬೇಡ, ಬಾಯಿ ಕೆಳಗೆ ಮಾಡು. ನಾನು ಹೇಳ್ತೀನಿ. ಲಗ್ನದ ಉಪ್ಪಿನಕಾಯಿ. ಗಜ್ಜರಿ, ದ್ರಾಕ್ಷಿ, ನಮ್ಮ ಊರಿನ ಕಬ್ಬಿನ ವಿನೆಗರ್. ಆ ಹುಳಿ ಹಲ್ಲಿನ ಸಂದಿಗೆ ಹೋಗುತ್ತಲ್ಲ, ಹಾಗೆ. ಆಮೇಲೆ ಬಾಳೆ ಎಲೆ ಬಿಚ್ಚಿದ್ರೆ ಒಳಗೆ ಮೀನು. ಹಸಿರು ಚಟ್ನಿ, ಅದಕ್ಕೆ ಮಾವಿನಕಾಯಿ ಹಾಕಿದ್ದು. ಕಚ್ಚಾ ಮಾವಿನಕಾಯಿ, ಉಪ್ಪು ಹಚ್ಚಿ…"

ಕೊಳವೆಗೆ ಒಂದು ಎಳೆ ಇಳಿಯಿತು. ಅದರ ಹಿಂದೆ ಇನ್ನೊಂದು.

"ಬಂತು ನೋಡು! ನಿಂಬೆಹಣ್ಣು ಹಿಂಡಿದ ಈರುಳ್ಳಿ. ಹುಣಸೇ ಹಣ್ಣು, ಮರದಿಂದ ಆಗ ತಾನೇ ಉದುರಿದ್ದು. ಬೇಗ ಮಾಡೇ ಮಾರಾಯ್ತಿ, ಅಲ್ಲಿ ನೊರೆ ಇಳೀತಾ ಇದೆ."

ನನ್ನ ಬಾಯಲ್ಲೂ ನೀರು ಬಂದಿತ್ತು. ನಾನು ನುಂಗಿದೆ.

ಗೆರೆಯವರೆಗೆ ತುಂಬಿದಾಗ ಅಮ್ಮನೇ ಮುಚ್ಚಳ ತಿರುಗಿಸಿದಳು. ನಾನು ಬಕೆಟ್ಟು ತರಲು ಹೊರಟೆ.

"ಆ ಬಕೆಟ್ಟು ಬೇಡ. ಅದರ ತಳ ಸೋರುತ್ತೆ, ಐಸ್ ನಿಲ್ಲಲ್ಲ" ಎಂದು ತಾನೇ ಕೊಳವೆ ಹಿಡಿದು ಅಡುಗೆಮನೆಗೆ ನಡೆದಳು. ಫ್ರಿಜ್ಜಿನ ಬಾಗಿಲು ತೆಗೆದು ಸ್ವಲ್ಪ ಹೊತ್ತು ನಿಂತಳು. ಕಸ್ಟರ್ಡ್ ಬಟ್ಟಲನ್ನು ಕೆಳಗಿನ ಹಲಗೆಗೆ ಇಳಿಸಿ, ಮೇಲಿನ ಹಲಗೆಯನ್ನು ಪೂರ್ತಿ ಕೊಳವೆಗೆ ಬಿಟ್ಟುಕೊಟ್ಟಳು. ಆಮೇಲೆ ಕೈ, ಮುಖ ತೊಳೆದು, ಸೊಂಟದ ದಾರ ಬಿಚ್ಚಿ ಪ್ರಾರ್ಥನೆ ಹೇಳಿ ಮತ್ತೆ ಕಟ್ಟಿಕೊಂಡಳು. ಅವಳ ಶಿಸ್ತು ಅವಳದ್ದೇ. ಕೊಳವೆ ಮಾತ್ರ ಅಲ್ಲೇ ಇತ್ತು.

ಲೋಟದಲ್ಲಿ ನೊರೆ ಅರ್ಧಕ್ಕೆ ಇಳಿದಿತ್ತು. ಅತ್ತಿಗೆ ತಳ ಕೆರೆದು ತಿಂದಳು.

ನಾವು ಮೂವರೂ ಸೂರತ್ತಿಗೆ ಹೋದೆವು. ಅಣ್ಣ ಅಗಿಯಾರಿಯಿಂದ ನೇರ ಸ್ಟೇಷನ್ನಿಗೆ ಬಂದ. ಅಮ್ಮ ಮನೆಯಲ್ಲೇ ಉಳಿದಳು. ರಕ್ತ ತೆಗೆಯುವಾಗ ಅತ್ತಿಗೆ ಒಂದು ಕೈಯಿಂದ ನನ್ನ ಕೈ ಹಿಡಿದು, ಕಣ್ಣು ಮುಚ್ಚಿ, "ಕಚ್ಚಾ ಮಾವಿನಕಾಯಿ, ಉಪ್ಪು ಹಚ್ಚಿ" ಎಂದು ಗೊಣಗುತ್ತಿದ್ದಳು. ಕುರ್ಚಿಯಿಂದ ಜಾರಲಿಲ್ಲ.

ಮಧ್ಯಾಹ್ನದವರೆಗೆ ಅಲ್ಲೇ ಕಾದೆವು. ಹೇತಲ್‌ಬೆನ್ ತಾವೇ ಹೊರಗೆ ಬಂದರು.

"ಎರಡೂ ಇಳಿದೇ ಇವೆ. ಜೊಲ್ಲೂ, ರಕ್ತವೂ. ನಿಲ್ಲಿಸೋದೇನೂ ಬೇಡ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೊರೆ ಅಂದವರು ನೀವೇ ಅಲ್ವಾ?" ಎಂದರು. ನಾನು ಅಣ್ಣನ ಹಿಂದೆ ಸರಿದೆ.

ಅಣ್ಣ ಮನೆಗೆ ಫೋನ್ ಮಾಡಿದ. ಅಮ್ಮ ಫೋನಿನ ಪಕ್ಕದಲ್ಲೇ ಕೂತಿದ್ದಿರಬೇಕು, ಮೊದಲ ರಿಂಗಿಗೇ ಎತ್ತಿದಳು. ಎಲ್ಲ ಕೇಳಿಸಿಕೊಂಡು, "ಊಟ ಮಾಡಿದಳಾ ಅವಳು?" ಎಂದಳು.

ಮುಂದಿನ ಕೆಲಸ ಆಸ್ಪತ್ರೆಯವರದು. ಅಂಡ ತೆಗೆದರು, ಭ್ರೂಣ ಒಳಗಿಟ್ಟರು. ಆಮೇಲೂ ಕೊಳವೆಗಳು ಹೋಗುತ್ತಲೇ ಇದ್ದವು. ಈಗ ಹಾರ್ಮೋನು ಏರಬೇಕಿತ್ತು, ಏರಿತು. ಪ್ರತಿ ಸಲವೂ ಹೇತಲ್‌ಬೆನ್, "ಆಂಟಿನ ಕೇಳಿ, ಎಮ್ಮೆ ಏನಾದ್ರೂ ಈ ಕಡೆ ಬಂದಿತ್ತಾ?" ಎನ್ನುವರು. ಅಮ್ಮ ದೂರದಿಂದಲೇ, "ಖೋದಾಯಿಯಾಣೆ ಇಲ್ಲ! ಇದೆಲ್ಲ ನನ್ನ ಹುಡುಗೀದೇ!" ಎಂದು ಕೂಗುವಳು.

ಬೇಸಿಗೆಯ ಕೊನೆಯಲ್ಲಿ ಲಾಖಾಭಾಯಿಯ ಎಮ್ಮೆ ಕರು ಹಾಕಿತು. ಅವನು ಒಂದು ತಂಬಿಗೆ ಗಿಣ್ಣು ಹಾಲು ತಂದು ಬಾಗಿಲಲ್ಲಿ ನಿಂತ.

"ಬಾಯಿ, ನಮ್ಮ ಎಮ್ಮೆಗೆ ಹೆಣ್ಣು ಕರು!"

"ಒಳ್ಳೇದಾಯ್ತು. ನಮ್ಮನೇಲೂ ಬರೋದಿದೆ, ಇನ್ನೂ ತಡ ಇದೆ" ಎಂದು ಅಮ್ಮ ತಂಬಿಗೆ ಇಸಿದುಕೊಂಡಳು. ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ, ತುಂಡು ಮಾಡಿ ತಟ್ಟೆಗೆ ಹಾಕಿದಳು. ಆದರೆ ತಟ್ಟೆ ಹಿಡಿದು ಮಗ್ಗದ ಹತ್ತಿರ ಬಂದು ನಿಂತಳು.

"ನೆರ್ಗಿಶ್, ಹೇತಲ್‌ಬೆನ್‌ಗೆ ಫೋನ್ ಮಾಡು. ಗಿಣ್ಣು ಕೊಡಬಹುದಾ ಕೇಳು."

"ನಾನಾ?"

"ಮತ್ತೆ ಯಾರು? ಅವತ್ತು ಮಾತಾಡಿದ್ದು ನೀನೇ ತಾನೆ?"

ನಾನು ಫೋನ್ ಮಾಡಿ ಕೇಳಿದೆ. ಚೆನ್ನಾಗಿ ಬೆಂದಿದ್ದರೆ ಕೊಡಬಹುದು ಎಂದರು. ಅತ್ತಿಗೆ ಸೋಫಾದ ಮೇಲೆ ಕಾಲು ಚಾಚಿ, ತಟ್ಟೆಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ತಿಂದಳು. ತಟ್ಟೆ ಅಲ್ಲಿ ಅಲುಗಾಡದೆ ನಿಲ್ಲುವಷ್ಟು ಹೊಟ್ಟೆ ಆಗ ಬಂದಿತ್ತು.